ಎತ್ತಿನ ಕಿವಿಯ ಬಿಲ್ಲೆ

ಅಪ್ಪನಿಗೆ ವಿಮೆಯ ಪಾಠ ಹೇಳಿಕೊಟ್ಟವಳು ನಾನೇ. ರೋಣದಿಂದ ನಾನು ತವರಾದ ಪುರ್ತಗೇರಿಗೆ ಬಂದಾಗಲೆಲ್ಲ ಅವನು ಎತ್ತಿನ ಪಾಲಿಸಿಯ ಕಾಗದ ತಂದು ಮುಂದಿಡುತ್ತಿದ್ದ. ಸಾಲಿಯಲ್ಲಿ ಮಕ್ಕಳಿಗೆ ಕಲಿಸುವವಳಾದ್ದರಿಂದ ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ.

"ಪ್ರೀಮಿಯಂ ಅಂದ್ರ ನಾವು ವರ್ಷಾ ಕಟ್ಟೂದು. ಕ್ಲೇಮ್ ಅಂದ್ರ ಎತ್ತಿಗೆ ಏನರ ಆದ್ರ ನಾವು ಕೇಳೂದು. ತಿಳೀತಿಲ್ಲೋ?"

"ನಾಮಿನಿ ಅಂದ್ರ?"

"ನಾವು ಸತ್ತ ಮ್ಯಾಲೆ ರೊಕ್ಕ ಯಾರಿಗೆ ಹೋಗಬೇಕಂತ ಬರಸ್ತೀವಲ್ಲ, ಅವ್ರು. ಎತ್ತಿಗೆ ಅದೆಲ್ಲ ಇಲ್ಲಪ್ಪಾ."

"ಯಾಕಿಲ್ಲ? ಅದರ ಜೋಡಿ ಎತ್ತಿನ ಹೆಸರ ಬರಿ."

ನಕ್ಕು ನಕ್ಕು ಸಾಕಾಯಿತು. ಆದರೆ ಒಂದು ಮಾತನ್ನು ಮಾತ್ರ ಬೆರಳು ಎತ್ತಿ ಹೇಳಿದ್ದೆ: ಎತ್ತಿನ ಕಿವಿಗೆ ಚುಚ್ಚಿದ ಹಳದಿ ಬಿಲ್ಲೆ ಅದರ ಗುರುತು, ಅದಿಲ್ಲದಿದ್ದರೆ ಕ್ಲೇಮೂ ಇಲ್ಲ. ಅಪ್ಪ ಹೂಂ ಅಂದಿದ್ದ.

ಕಾರಹುಣ್ಣಿಮೆಗೆ ಬಂದು ನೋಡಿದರೆ ಎತ್ತು ಮದುಮಗನಂತೆ ನಿಂತಿತ್ತು. ಕೋಡಿಗೆ ಬಣ್ಣ, ಬೆನ್ನಿಗೆ ಝೂಲ, ಕೊರಳಿಗೆ ಹೊಸ ಗೆಜ್ಜೆ. ಕಿವಿ ಮಾತ್ರ ಬೋಳು. ಅಪ್ಪ ಇಕ್ಕಳದಿಂದ ಬಿಲ್ಲೆ ಕತ್ತರಿಸಿ ದೇವರ ಗೂಡಿನಲ್ಲಿಟ್ಟಿದ್ದ.

"ಹಬ್ಬದ ದಿನಾನೂ ಕಚೇರಿ ನಂಬರ ಹಾಕ್ಕೊಂಡು ಮೆರಿಬೇಕೇನು ಅದು?"

ಗಂಟಲು ಒಣಗುವವರೆಗೆ ಬೈದೆ. ದನದ ಡಾಕ್ಟರನ್ನು ಕರೆಸಿ ಹೊಸದು ಹಾಕಿಸುತ್ತೇನೆಂದ ಅಪ್ಪ. ಬಿತ್ತನೆಯ ಗಡಿಬಿಡಿಯಲ್ಲಿ ಅವನು ಮರೆತ. ನಿಜ ಹೇಳಬೇಕೆಂದರೆ ನಾನೂ ಮರೆತೆ.

ದಸರೆ ಮುಗಿದ ವಾರದಲ್ಲಿ ಹೊಲದ ಬದುವಿನ ಮೇಲೆ ಅದೇ ಎತ್ತಿಗೆ ಹಾವು ಕಚ್ಚಿತು. ನಾನು ಬಸ್ಸಿಳಿದು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹಿಂಗಾರಿ ಬಿತ್ತನೆ ಎದುರಿಗಿತ್ತು. ಕ್ಲೇಮ್ ಬಂದರಷ್ಟೇ ಇನ್ನೊಂದು ಎತ್ತು, ಇಲ್ಲದಿದ್ದರೆ ಉಳಿದ ಒಂಟಿ ಎತ್ತಿನಿಂದ ಏನೂ ಸಾಗುವಂತಿರಲಿಲ್ಲ.

ಬದಿಯ ಹೊಲದ ಕಾಕಾ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದ: "ಡಾಕ್ಟರ್ ಬರೂದ್ರೊಳಗ ಕಿವಿಗೆ ತೂತ ಹೊಡದು ಆ ಬಿಲ್ಲೆ ಸಿಗಸಬಿಡ್ರಿ. ಯಾರಿಗೆ ತಿಳೀತೈತಿ?"

ಹಳೆಯ ತೂತು ಎಂದೋ ಮುಚ್ಚಿತ್ತು. ಆದರೂ ದೇವರ ಗೂಡಿನಿಂದ ಬಿಲ್ಲೆ, ಮೂಲೆಯಿಂದ ದಬ್ಬಣ ತಂದವಳು ನಾನೇ. ಅಪ್ಪ ಎತ್ತಿನ ಕಿವಿಯನ್ನು ಅಂಗೈಯಿಂದ ಮುಚ್ಚಿ ಹಿಡಿದ.

"ಸತ್ತ ಮ್ಯಾಲೂ ಚುಚ್ಚತೀಯೇನವಾ ಅದಕ್ಕ?"

ದಬ್ಬಣ ಹಿಡಿದ ಕೈ ನನ್ನದೆಂದು ನಾಚಿಕೆಯಾಯಿತು. ಡಾಕ್ಟರು ಬಂದರು, ಬೋಳು ಕಿವಿ ನೋಡಿದರು, ಕಂಡದ್ದನ್ನು ಬರೆದುಕೊಂಡು ಹೋದರು. ಸಂಜೆ ಕಟ್ಟೆಯ ಮೇಲೆ ಕುಳಿತು ಕ್ಲೇಮ್ ಅರ್ಜಿ ತುಂಬಿದೆ. ಅದರಲ್ಲಿ ಬಿಲ್ಲೆ ಇಲ್ಲದಿರಲು ಕಾರಣ ಕೇಳಿದ್ದರು. ಎಲ್ಲೋ ಬಿದ್ದು ಹೋಯಿತೆಂದು ಬರೆಯಲೇ ಎಂದು ಅಪ್ಪನನ್ನು ಕೇಳಿದೆ.

"ಇದ್ದದ್ದು ಬರಿ. ಹಬ್ಬ ಇತ್ತು, ತಗದ್ವಿ ಅಂತ."

"ಹಂಗ ಬರದ್ರ ರೊಕ್ಕ ಬರೂದಿಲ್ಲಪ್ಪಾ."

"ಬರಲಿಲ್ಲಂದ್ರ ಬಿಡು. ಖರೇ ಹೇಳು, ಅವತ್ತ ಎಷ್ಟ ಚಂದ ಕಂಡಿತ್ತು!"

ಅಷ್ಟೆಲ್ಲ ಬೈದ ಆ ದಿನ ನಾನದನ್ನು ಕಣ್ತುಂಬ ನೋಡಿಯೂ ಇರಲಿಲ್ಲ. ಕಣ್ಣೊರೆಸಿಕೊಂಡು ಬರೆದೆ: ಹಬ್ಬದ ದಿನ ಎತ್ತು ಚಂದ ಕಾಣಲೆಂದು ಬಿಲ್ಲೆ ತೆಗೆದಿದ್ದೆವು.