ಚಹಾ ಬಣ್ಣದ ಮೂತ್ರ ತಿಳಿಯಾಯಿತು

ದತ್ತಗುರುವನ್ನು ನಂಬಿದ ಎಲ್ಲರಿಗೂ ನಮಸ್ಕಾರ. ಕಳೆದ ಬೇಸಿಗೆಯಲ್ಲಿ ನನ್ನ ಯಜಮಾನರ ಮೂತ್ರ ಹಾಲಿಲ್ಲದ ಚಹಾದಂತೆ ಕಪ್ಪಾಯಿತು. ಅಂದು ನನಗೆ ಗುರುವಿನ ಮೇಲೂ ಸಿಟ್ಟು ಬಂದಿತ್ತು. ಅದನ್ನು ಮುಚ್ಚಿಟ್ಟು ಬರೆದರೆ ಈ ಅನುಭವವೇ ಸುಳ್ಳಾಗುತ್ತದೆ.

ನಾವು ಜೇವರ್ಗಿಯವರು. ಯಜಮಾನರು ಟೇಲರ್, ದಿನವಿಡೀ ಮಿಷಿನ್ ಮುಂದೆ ಕೂತ ದೇಹ. ಆಳಂದದಲ್ಲಿರುವ ಅವರ ಅಣ್ಣ, ಅಂದರೆ ನನ್ನ ಭಾವ, ಮನೆಗೆ ಬಂದು ಕಣ್ಣೀರು ಹಾಕಿದರು.

"ಅವ್ವ ಸಾಯೋ ಮುಂದ ಗಾಣಗಾಪುರಕ್ಕ ದೀಡ ನಮಸ್ಕಾರ ಬೇಡಕೊಂಡಿದ್ಳು. ನನಗ ಮೊಣಕಾಲು ಬ್ಯಾನಿ. ನೀನೇ ತೀರಸಬೇಕಪ್ಪ."

ತಾಯಿಯ ಹೆಸರು ಬಂದ ಮೇಲೆ ಇವರು ಇಲ್ಲ ಎನ್ನುತ್ತಾರೆಯೇ?

ಗಾಣಗಾಪುರದಲ್ಲಿ ಯಜಮಾನರು ನದಿಗಳ ಸಂಗಮದಲ್ಲಿ ಮುಳುಗಿ, ಒದ್ದೆ ಬಟ್ಟೆಯಲ್ಲೇ ನೆಲಕ್ಕೆ ಉದ್ದುದ್ದ ಮಲಗಿ, ಎದ್ದು, ಮತ್ತೆ ಮಲಗಿ ದತ್ತನ ಮಠದ ಕಡೆ ಸಾಗಿದರು. ಹನಿ ನೀರು ಕುಡಿದರೂ ಸೇವೆ ಮುರಿಯುತ್ತದೆ ಎನ್ನುತ್ತ ಭಾವ ಪಕ್ಕದಲ್ಲೇ ನಡೆದರು. ಕೊಡೆ ಮಾತ್ರ ಅವರ ತಲೆಯ ಮೇಲಿತ್ತು. ಅರ್ಧ ದಾರಿಯಲ್ಲಿ ಇವರಿಗೆ ಏಳಲಾಗಲಿಲ್ಲ. ತೊಡೆಗಳು ಕಲ್ಲಿನಂತೆ ಬಿಗಿದಿದ್ದವು. ಆಮೇಲೆ ಆ ಕಪ್ಪು ಮೂತ್ರ ಕಂಡು ನಾನು ಹೌಹಾರಿದೆ.

"ಅಂಜಬ್ಯಾಡವ್ವ, ಪಾಪ ಹೊರಗ ಬೀಳಾಕತ್ತದ. ದವಾಖಾನಿಗೆ ಹೋದ್ರ ಸೇವಾ ಕೆಡ್ತದ" ಎಂದರು ಭಾವ.

ಯಜಮಾನರು ಅದನ್ನೂ ನಂಬಿದರು. ನಾನು ಕೇಳಲಿಲ್ಲ. ಆಟೋದಲ್ಲಿ ಚೌಡಾಪುರಕ್ಕೆ, ಅಲ್ಲಿಂದ ಬಸ್ಸಿನಲ್ಲಿ ಮಲಗಿಸಿಕೊಂಡು ಕಲಬುರಗಿ ಆಸ್ಪತ್ರೆಗೆ ಒಯ್ದೆ.

ಮೂತ್ರಕ್ಕೆ ಅದ್ದಿದ ಪರೀಕ್ಷೆಯ ಪಟ್ಟಿ ರಕ್ತವಿದೆ ಎಂದು ತೋರಿಸಿತು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ರಕ್ತಕಣವೇ ಇಲ್ಲ. ಡಾಕ್ಟರಮ್ಮ ಇನ್ನೊಂದು ಪರೀಕ್ಷೆ ಮಾಡಿಸಿ ಹೇಳಿದರು: "ಇದು ರಕ್ತ ಅಲ್ರಿ, ಮಯೋಗ್ಲೋಬಿನ್. ಬಿಸಲಾಗ ದಣದು ಮಾಂಸಖಂಡ ಒಡದಾವ, ಅದರ ಪ್ರೋಟೀನ್ ಮೂತ್ರದಾಗ ಬರಾಕತ್ತದ. ಅದು ಕಿಡ್ನಿಗೆ ಅಡ್ಡಾಗಿ ಮೂತ್ರ ನಿಂತ್ರ ಅಪಾಯ ಅದರಿ."

ಸಲೈನ್ ಏರಿಸಿ, ಮೂತ್ರಕ್ಕೆ ನಳಿಕೆ ಹಾಕಿ ಮಂಚಕ್ಕೆ ಚೀಲ ತೂಗುಹಾಕಿದರು. ಸಂಜೆಗೆ ಮೂತ್ರ ನಿಂತೇಬಿಟ್ಟಿತು. ಇನ್ನೂ ಸ್ವಲ್ಪ ಹೊತ್ತು ನೋಡಿ, ಬರದಿದ್ದರೆ ಡಯಾಲಿಸಿಸ್ ಎಂದರು.

ಆಗ ಭಾವ ಪ್ರಸಾದ ಹಿಡಿದು ಬಂದರು. ತಮ್ಮ ಹೇಗಿದ್ದಾನೆ ಎಂದು ಕೇಳಲಿಲ್ಲ. "ಉಳಿದ ನಮಸ್ಕಾರ ಯಾರು ಹಾಕವ್ರು? ನನ್ನ ಮಗಗ ನೌಕರಿ ಸಿಕ್ಕದ. ಅದಕ್ಕ ಹೊತ್ತ ಹರಕಿ ಅರ್ಧಕ್ಕ ಬಿಟ್ರ ನೌಕರಿ ಹೋಗಿಬಿಟ್ಟೀತು" ಎಂದರು.

"ಅತ್ತಿಯವರ ಹರಕಿ ಅಂದಿದ್ರಲ್ರಿ?"

"ಖರೇ ಹೇಳಿದ್ರ ಅಂವ ಬರ್ತಿದ್ನೇನು?"

ಯಜಮಾನರು ಎಲ್ಲ ಕೇಳಿಸಿಕೊಂಡು ಗೋಡೆಯ ಕಡೆ ಹೊರಳಿ ಅತ್ತರು. ಸತ್ತ ತಾಯಿಯ ಹೆಸರಿನಲ್ಲಿ ಒಡಹುಟ್ಟಿದವನೇ ಕತ್ತು ಕೊಯ್ದಿದ್ದ.

ವರಾಂಡದಲ್ಲಿ ನಿಂತು ಗುರುವಿನೊಡನೆ ಜಗಳಕ್ಕೇ ಇಳಿದೆ. "ಸುಳ್ಳು ಹೇಳಿ ಕರಕೊಂಡು ಬಂದವನ ಸಂಗಡ ನೀನೂ ಸೇರಿದೇನು? ನಾ ಕಾಯಿ ಒಡಿಯಂಗಿಲ್ಲ, ಹರಕಿ ಹೊರಂಗಿಲ್ಲ. ಇವರಿಗೆ ಮೂತ್ರ ಬರಲಿ, ಅಷ್ಟೇ."

ಒಳಗಿಂದ ನರ್ಸ್ ಕೂಗಿದರು, "ಅಕ್ಕಾ, ಬರ್ರಿ, ಚೀಲದಾಗ ಮೂತ್ರ ಇಳಿಯಾಕತ್ತದ!" ಕಂಡವರು ನಕ್ಕರೆ ನಗಲಿ, ಆ ಚೀಲಕ್ಕೆ ಕೈ ಮುಗಿದೆ. ಬರಬರುತ್ತ ಬಣ್ಣ ತಿಳಿಯಾಯಿತು. ಡಯಾಲಿಸಿಸ್ ಬೇಕಾಗಲಿಲ್ಲ.

ಔಷಧಿಯೂ ಡಾಕ್ಟರಮ್ಮನೂ ಗುರುವಿನ ಕೈಗಳೇ ಎಂದು ನಂಬಿದ್ದೇನೆ. ಬೈದವಳ ಮೊರೆಯನ್ನೂ ಅವನು ಕೇಳಿದ. ಈಗ ದಿನವೂ ದೀಪ ಹಚ್ಚಿ ಯಜಮಾನರ ಆರೋಗ್ಯ ಬೇಡುತ್ತೇನೆ. ಭಾವನನ್ನು ಕ್ಷಮಿಸುವ ಮನಸ್ಸು ಕೊಡು ಎಂದು ಮಾತ್ರ ಇನ್ನೂ ಬೇಡಿಲ್ಲ. ಬೇಡಿದರೆ ಗುರು ಕೊಟ್ಟೇಬಿಡುತ್ತಾನೆ ಎಂಬ ಭಯ.