ಕದಿರಮ್ಮನ ಉದ್ದನೆಯ ಪ್ರಾರ್ಥನೆ

ಕೋಳಿ ಇನ್ನೂ ಕೂಗಿಲ್ಲ, ಕದಿರಮ್ಮ ಆಗಲೇ ಎದ್ದು ಬಾವಿಗೆ ಹಗ್ಗ ಬಿಟ್ಟಿದ್ದಾಳೆ. ಶ್ರೀನಿವಾಸಪುರದಿಂದ ಮುಳಬಾಗಿಲಿಗೆ ಹೋಗುವ ದಾರಿಯ ಪಕ್ಕದ ಈ ಪಾಳ್ಯದಲ್ಲಿ ಇರೋದು ಹದಿನೇಳು ಕ್ರೈಸ್ತ ಮನೆ, ಒಂದು ಹಂಚಿನ ಪ್ರಾರ್ಥನೆ ಮನೆ. ಎಂಟು ಕೊಡ ನೀರು ಸೇದಿ, ನೆಲ ಗುಡಿಸಿ, ಚಾಪೆ ಹಾಸಿ, ಹೊಂಗೆ ಮರಕ್ಕೆ ನೇತುಹಾಕಿದ ರೈಲುಕಂಬಿಯ ತುಂಡಿಗೆ ಸುತ್ತಿಗೆಯಿಂದ ಬಾರಿಸುತ್ತಾಳೆ. ಗಂಟೆ ಕೊಳ್ಳುವಷ್ಟು ಅನುಕೂಲಸ್ಥ ಸಭೆಯೇನಲ್ಲ ಇದು. ಆದರೂ ಆ ಸದ್ದಿಗೆ ರೇಷ್ಮೆ ಹುಳಕ್ಕೆ ಸೊಪ್ಪು ಕೊಯ್ಯಲು ಹೋಗುವ ಪಕ್ಕದೂರಿನವರೂ ಏಳುತ್ತಾರೆ. ಯುದ್ಧದ ಪ್ಯಾರಾಚೂಟಿಗೆ ರೇಷ್ಮೆ ಬೇಕಂತೆ, ಈಗ ಯಾರಿಗೂ ಪುರಸೊತ್ತಿಲ್ಲ.

ದೀಕ್ಷಾಸ್ನಾನದಲ್ಲಿ ಇವಳಿಗೆ ಇಟ್ಟ ಹೆಸರು ಕರುಣಾಮಣಿ. ಪಾಳ್ಯದವರ ಬಾಯಲ್ಲಿ ಹಳೇ ಹೆಸರೇ ಉಳಿದಿದೆ. ಇಪ್ಪತ್ತು ವರ್ಷದಿಂದ ಗುಡಿಸೋದು, ಬಾರಿಸೋದು ಇವಳ ಕೆಲಸ. ಎರಡು ವರ್ಷದ ಹಿಂದೆ ಉಪದೇಶಿ ದಂಡಿಗೆ ಸೇರಿ ಹೋದಮೇಲೆ ಬೆಳಗಿನ ಪ್ರಾರ್ಥನೆಯೂ ಇವಳ ತಲೆಗೇ ಬಂತು. ಪಾದ್ರಿಗಳು ಕೋಲಾರದಿಂದ ಬರೋದು ತಿಂಗಳಿಗೊಮ್ಮೆ. ಇವಳಿಗೆ ಓದು ಬರದು, ಎಲ್ಲಾ ಬಾಯಿಪಾಠ. ಯುದ್ಧಕ್ಕೆ ಹೋದ ಪಾಳ್ಯದ ಹನ್ನೊಂದು ಗಂಡಸರ ಹೆಸರನ್ನು ದಿನಾ ದೇವರ ಮುಂದೆ ಹೇಳಬೇಕು. "ಒಂದು ಹೆಸರು ಬಿಟ್ಟೋದ್ರೂ ಅವರಮ್ಮ ಆವತ್ತು ಮುದ್ದೆ ಮುಟ್ಟಲ್ಲ ಕಣಪ್ಪ" ಎನ್ನುತ್ತಾಳೆ.

ಇಂಥವಳನ್ನು ಹೊಗಳಬೇಡವೇ? ಹೊಗಳಿ ನೋಡಿ. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಗೋಡೆ ಕಡೆ ತಿರುಗುತ್ತಾಳೆ. "ಪತ್ರಿಕೇಲಿ ಬರೀತೀರಾ? ಹಂಗಾದ್ರೆ ನಾನು ರಾಗಿ ಕದ್ದಿದ್ದೂ ಬರೀರಿ. ಇಲ್ದಿದ್ರೆ ಕಾಫಿ ಕುಡ್ದು ಹೊರಡಿ."

ಪಾಳ್ಯದಲ್ಲೊಂದು ಪದ್ಧತಿ ಇದೆ. ರಾಗಿ ಬೀಸುವ ಮುಂಚೆ ಪ್ರತಿ ಮನೆಯಲ್ಲೂ ಒಂದು ಹಿಡಿ ತೆಗೆದಿಡುತ್ತಾರೆ. ಬೆಳಿಗ್ಗೆ ಅದನ್ನು ತಂದು ಪ್ರಾರ್ಥನೆ ಮನೆಯ ಮಡಕೆಗೆ ಹಾಕುತ್ತಾರೆ. ಶನಿವಾರ ಪ್ರಾರ್ಥನೆ ಮುಗಿದ ಮೇಲೆ ಆ ವಾರ ಒಲೆ ಹತ್ತದ ಮನೆಗಳ ಹೆಸರು ಕೂಗಿ ಹಂಚುವುದು. ಮೊದಲಿನಿಂದಲೂ ಹೆಸರು ಕೂಗುವವಳೂ ಕದಿರಮ್ಮನೇ, ಮಡಕೆ ಇರೋದೂ ಅವಳ ಮಗ್ಗುಲಲ್ಲೇ.

ಈ ನಲವತ್ತಮೂರನೇ ಇಸವಿ ಎಂಥದ್ದು ಎಂದು ಓದುಗರಿಗೆ ಹೇಳಬೇಕಾಗಿಲ್ಲ. ಬರ್ಮಾ ಅಕ್ಕಿ ನಿಂತುಹೋಗಿದೆ, ಅಂಗಡಿ ಮುಂದೆ ಸಾಲು, ಸಾಲಿನ ಕೊನೆಗೆ ಬರೀ ಕೈ. ಕದಿರಮ್ಮನ ಗಂಡ ಎಲ್ಲಪ್ಪ ಚಳಿಜ್ವರದಿಂದ ಹಾಸಿಗೆ ಹಿಡಿದ. ಮನೆಯ ರಾಗಿ ಮುಗಿಯಿತು. ಶನಿವಾರ ತನ್ನ ಹೆಸರನ್ನೂ ಕೂಗಿಕೊಂಡಿದ್ದರೆ ಒಬ್ಬರೂ ಬೇಡ ಅನ್ನುತ್ತಿರಲಿಲ್ಲ. ಆದರೆ ಇಪ್ಪತ್ತು ವರ್ಷ ಬೇರೆಯವರ ಹೆಸರು ಕೂಗಿದ ಬಾಯಿ, ತನ್ನ ಹೆಸರಿಗೆ ಬಂದಾಗ ಗಂಟು ಹಾಕಿಕೊಂಡಿತು.

"ಕೇಳೋಕೆ ನಾಚಿಕೆ ಆಯ್ತು, ಕದಿಯೋಕೆ ನಾಚಿಕೆ ಆಗ್ಲಿಲ್ಲ ನೋಡಿ. ಥೂ, ಏನ್ ಜನ್ಮವೋ ನಂದು!"

ಪ್ರಾರ್ಥನೆಗೆ ಎಲ್ಲರೂ ಕಣ್ಣು ಮುಚ್ಚುತ್ತಾರೆ, ಮುಚ್ಚಿದವರು ಆಮೆನ್ ಎನ್ನುವತನಕ ತೆರೆಯುವುದಿಲ್ಲ. ಆಮೆನ್ ಹೇಳುವವಳು ಇವಳು. ಬಾಯಿ ಹನ್ನೊಂದು ಹೆಸರು ಹೇಳುತ್ತಿದ್ದರೆ ಕೈ ಮಡಕೆಯಲ್ಲಿ. ದಿನಕ್ಕೆ ಎರಡು ಹಿಡಿ, ಸದ್ದಾಗದ ಹಾಗೆ ಮಡಿಲಿಗೆ. ಹೆಸರುಗಳು ಬೇಗ ಮುಗಿದುಹೋಗುತ್ತಿದ್ದವು. ಅದಕ್ಕೆ ಮಳೆಗೆ, ದನಕರುಗಳಿಗೆ, ಹಡಗಿನಲ್ಲಿರೋರಿಗೆ, ಬಾಂಬಿಗೆ ಹೆದರೋರಿಗೆ, ಕೊನೆಗೆ ಗೊತ್ತಿಲ್ಲದ ಊರಿನ ಗೊತ್ತಿಲ್ಲದ ರಾಜರಿಗೂ ಪ್ರಾರ್ಥನೆ ಬೆಳೆಯಿತು. "ಈಗೀಗ ಕದಿರಮ್ಮನ ಭಕ್ತಿ ಎಷ್ಟು ಹೆಚ್ಚಾಗಿದೆ!" ಎಂದು ಸಭೆಯ ಹಿರಿಯ ಗಂಗುಲಪ್ಪ ಪಾದ್ರಿಗಳ ಹತ್ತಿರ ಹೇಳಿಯೂ ಬಿಟ್ಟ. ಅವರು ಮುಂದಿನ ತಿಂಗಳು ಒಂದು ಸೀರೆ ಹೊದಿಸುವುದೆಂದು ಗೊತ್ತುಮಾಡಿದರು. ಅದನ್ನು ಕೇಳಿ ಇವಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೂ ಮಾರನೆಯ ದಿನ ಕೈ ಮತ್ತೆ ಮಡಕೆಗೆ ಹೋಯಿತು. ಹೀಗೆ ಇಪ್ಪತ್ತಮೂರು ದಿನ.

ಇಪ್ಪತ್ತಮೂರನೆಯದು ಶನಿವಾರ. ಆವತ್ತು ಕೂಗಿದ್ದು ಮುನಿಯಲ್ಲಮ್ಮನ ಹೆಸರು. ಅವಳ ಮಗ ಸೊಣ್ಣಪ್ಪ ಬರ್ಮಾ ಕಡೆ ಹೋದವನು, ಆರು ತಿಂಗಳಿಂದ ಕಾಗದವಿಲ್ಲ. ಹಿಡಿ ರಾಗಿ ಹಾಕುವ ಮನೆಗಳೇ ಕಮ್ಮಿಯಾಗಿದ್ದವು, ಮೇಲೆ ಇವಳ ಕೈ ಬೇರೆ; ಮಡಕೆ ಬಗ್ಗಿಸಿದರೆ ಅರ್ಧ ಸೇರೂ ಬೀಳಲಿಲ್ಲ. "ಈ ವಾರ ಕಮ್ಮಿ ಬಂದದೆ ಕಣಮ್ಮ" ಎಂದಳು ಕದಿರಮ್ಮ, ತಲೆ ಎತ್ತದೆ. ರಾಯಲ್ಪಾಡು ಕಡೆಯಿಂದ ಬಂದ ಮುನಿಯಲ್ಲಮ್ಮನ ಬಾಯಲ್ಲಿ ಅರ್ಧ ತೆಲುಗು. ಸೆರಗಿನ ರಾಗಿ ನೋಡಿದಳು, ಇವಳ ಮುಖ ನೋಡಿದಳು. "ನುವ್ವು ತಿನ್ನಾವಾ ಕದಿರಮ್ಮಾ? ನೀನು ಉಂಡ್ಯಾ? ಸೊರಗಿ ಹೋಗಿದೀಯ" ಎಂದು ಅದರಲ್ಲೇ ಒಂದು ಹಿಡಿ ಇವಳ ಮುಂದೆ ಹಿಡಿದಳು.

"ಆವಾಗ ಸತ್ತೋದೆ ನಾನು" ಎನ್ನುತ್ತಾಳೆ ಕದಿರಮ್ಮ.

ಮಾರನೆಯ ಬೆಳಿಗ್ಗೆ ಕಂಬಿ ಬಾರಿಸಿ, ಎಲ್ಲರೂ ಕೂತ ಮೇಲೆ, "ಇವತ್ತು ಯಾರೂ ಕಣ್ಣು ಮುಚ್ಚಬೇಡಿ, ನನ್ನ ನೋಡ್ರಿ" ಎಂದಳು. ಹೇಳಿದಳು, ಎಲ್ಲವನ್ನೂ. ಯಾವ ದಿನ ಎಷ್ಟು ಹಿಡಿ, ಯಾವ ಹೆಸರು ಹೇಳುವಾಗ ಕೈ ಹೋಯಿತು ಎಂಬುದನ್ನೂ. ಸೊಣ್ಣಪ್ಪನ ಹೆಸರು ಹೇಳುವಾಗಲೂ ಹೋಗಿತ್ತು.

ಗಂಗುಲಪ್ಪ ಕೆಂಡವಾದ. "ನಮ್ಮ ಮಕ್ಕಳ ಹೆಸರು ಹೇಳ್ಕೊಂಡು ಕದ್ದ್ಯೇನೇ? ಸುತ್ತಿಗೆ ಕೆಳಗಿಡು!" ಇವಳು ಸುತ್ತಿಗೆ ಕೆಳಗಿಟ್ಟಳು. ಆಮೇಲೆ ಮುನಿಯಲ್ಲಮ್ಮನೇ ಬಾಯಿ ಬಿಟ್ಟಳು: "ತಪ್ಪು ಮಾಡವ್ಳೆ, ನಂಗೂ ಹೊಟ್ಟೆ ಉರೀತದೆ. ಆದ್ರೆ ನನ್ ಮಗನ ಹೆಸರು ನಾಳೆ ಯಾರು ಹೇಳ್ತಾರೆ? ನೀನು ಹೇಳ್ತೀಯಾ ಗಂಗುಲಪ್ಪ? ಹನ್ನೊಂದೂ ಬರ್ತದಾ ನಿಂಗೆ?" ಗಂಗುಲಪ್ಪ ಐದಕ್ಕೇ ನಿಂತ.

ಕೊನೆಗೆ ಒಂದು ತೀರ್ಮಾನವಾಯಿತು. ಮಡಕೆ ಗಂಗುಲಪ್ಪನ ಹತ್ತಿರ, ಪ್ರಾರ್ಥನೆ ಕದಿರಮ್ಮನ ಹತ್ತಿರ, ಸೀರೆ ಯಾರಿಗೂ ಇಲ್ಲ. ಮುಂದಿನ ಶನಿವಾರ ಗಂಗುಲಪ್ಪ ಗಟ್ಟಿಯಾಗಿ ಕೂಗಿದ್ದು ಕದಿರಮ್ಮನ ಹೆಸರನ್ನೇ. ಎಲ್ಲರ ಮುಂದೆ ನಡೆದುಹೋಗಿ ಸೆರಗೊಡ್ಡಿದಳು.

ಈಗ ಎಲ್ಲಪ್ಪ ಎದ್ದು ಓಡಾಡುತ್ತಾನೆ. ಪ್ರಾರ್ಥನೆ ಮತ್ತೆ ಮೊದಲಿನಷ್ಟೇ ಚಿಕ್ಕದಾಗಿದೆ. ಕೆಲವರು ಒಂದು ಕಣ್ಣು ಅರ್ಧ ತೆರೆದೇ ಇರುತ್ತಾರೆ, ಅದು ಅವಳಿಗೂ ಗೊತ್ತು. "ನೋಡ್ಲಿ ಬಿಡಿ, ನೋಡೋ ಹಂಗೆ ಮಾಡಿದ್ದು ನಾನೇ" ಎನ್ನುತ್ತಾಳೆ.

ಇಷ್ಟೆಲ್ಲಾ ಬರೆಯುವುದಾದರೆ ಹೆಸರು ಮರೆಮಾಡೋಣವೇ, 'ಪಾಳ್ಯದ ಒಬ್ಬ ಹೆಂಗಸು' ಎಂದು ಹಾಕಿದರೆ ಸಾಲದೇ ಎಂದು ಕೇಳಿದ್ದಕ್ಕೆ ಕದಿರಮ್ಮ ಮೊದಲ ಸಲ ತಲೆ ಎತ್ತಿ ನೇರವಾಗಿ ನೋಡುತ್ತಾಳೆ.

"ಬೇಡ, ನನ್ನ ಹೆಸರೇ ಹಾಕಿ. ಬರೀ ಹೆಂಗಸು ಅಂದ್ರೆ ಹದಿನೇಳು ಮನೆ ಹೆಂಗಸರ ಮೇಲೂ ಬೀಳ್ತದೆ. ಅವರ್ಯಾರೂ ಕದ್ದಿಲ್ಲ."