ಇಪ್ಪತ್ತೇಳನೇ ಮೊಳೆ

ಬೆಳಗಿನ ಐದೂವರೆ. ಕಟ್ಟಡ ಗುತ್ತಿಗೆದಾರರ ಸಂಘದ ಕಚೇರಿಯ ಶಟರ್ ಎಂದಿನಂತೆ ಅರ್ಧಕ್ಕೆ ಸಿಕ್ಕಿಕೊಂಡಿದೆ. ಬಿಲ್ಲೆಯಕ್ಕ ಕೈಚೀಲವನ್ನು ಮೆಟ್ಟಿಲ ಮೇಲಿಟ್ಟು, ಭುಜ ಕೊಟ್ಟು ನೂಕುತ್ತಾರೆ. ಅವರ ಬಗ್ಗೆ ಪತ್ರಿಕೆಗೆ ಬರೆಯಲು ಬಂದು, ಸಹಾಯಕ್ಕೆಂದು ಮುಂದಾದ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡುತ್ತಾರೆ. "ನೀವು ಪೆನ್ನು ಹಿಡಿಯೋರು. ಸೊಂಟ ಉಳುಕಿಸ್ಕೊಂಡ್ರೆ ನಿಮ್ಮ ಮನೆಯೋರಿಗೆ ಯಾರು ಉತ್ತರ ಹೇಳೋದು? ಸುಮ್ನೆ ಆ ಕಡೆ ನಿಂತ್ಕೊಳ್ಳಿ." ಶಟರ್ ಕಿರುಗುಟ್ಟುತ್ತ ಮೇಲೇರುತ್ತದೆ.

ಒಳಗೆ ಹೋದವರು ಕಸಬರಿಕೆ ಹಿಡಿಯುವುದಿಲ್ಲ. ದೀಪ ಹಾಕಿ ನೇರವಾಗಿ ಎದುರಿನ ಗೋಡೆಗೆ ನಡೆಯುತ್ತಾರೆ. ಅಲ್ಲೊಂದು ಬಾಗಿಲಗಲದ ಹಲಗೆ. ಅದರಲ್ಲಿ ನಾಲ್ಕು ಸಾಲು, ನಲವತ್ತು ಮೊಳೆ. ಒಂದೊಂದು ಮೊಳೆಗೂ ಒಂದು ಹಿತ್ತಾಳೆ ಬಿಲ್ಲೆ. ಒಂದು ಮುಖಕ್ಕೆ ಕೆಂಪು ಬಣ್ಣ, ಇನ್ನೊಂದಕ್ಕೆ ಬಿಳಿ. ಕೆಲಸಕ್ಕೆ ಹೊರಟ ಗುತ್ತಿಗೆದಾರ ತನ್ನ ಬಿಲ್ಲೆಯನ್ನು ಕೆಂಪಿಗೆ ತಿರುಗಿಸಿ, ಎಲ್ಲಿಗೆ ಹೋಗುತ್ತೇನೆ, ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂದು ಪಕ್ಕದ ಸ್ಲೇಟಿನಲ್ಲಿ ಬರೆಯಬೇಕು. ಕೆಲಸ ಮುಗಿದ ಮೇಲೆ ಬಂದು ಬಿಳಿಗೆ ತಿರುಗಿಸಬೇಕು, ಇಲ್ಲವೇ ಫೋನು ಮಾಡಿ ತಿರುಗಿಸಲು ಹೇಳಬೇಕು. ಹೇಳಿದ ಹೊತ್ತು ಮೀರಿ ಒಂದು ಗಂಟೆ ಕಳೆದರೂ ಬಿಲ್ಲೆ ಕೆಂಪಾಗಿಯೇ ಇದ್ದರೆ ಅಕ್ಕ ಫೋನು ಮಾಡುತ್ತಾರೆ. ಎತ್ತದಿದ್ದರೆ ಆ ವಾರದ ಪಾಳಿಯ ಇಬ್ಬರು ಸದಸ್ಯರು ಹಗ್ಗ, ಟಾರ್ಚು ಹಿಡಿದು ಹುಡುಕಲು ಹೊರಡುತ್ತಾರೆ.

ಹತ್ತೊಂಬತ್ತು ವರ್ಷದಿಂದ ಈ ಹಲಗೆಯನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿರುವವರು ಈ ಅಟೆಂಡರ್ ಅಕ್ಕ. ಸಂಘದ ವಾರ್ಷಿಕ ವರದಿಯನ್ನು ನಾನು ಎರಡು ಸಲ ತಿರುವಿಹಾಕಿದೆ. ಅವರ ಬಗ್ಗೆ ಒಂದು ಸಾಲೂ ಇಲ್ಲ. ಹೊಸದಾಗಿ ತಂದ ನೀರಿನ ಫಿಲ್ಟರಿನ ಬಗ್ಗೆ ಅರ್ಧ ಪುಟ ಇದೆ.

ಈಗ ಅಕ್ಕನ ಕೆಲಸಕ್ಕೇ ಕುತ್ತು ಬಂದಿದೆ. ಬರುವ ಭಾನುವಾರ ಸಂಘದ ಸರ್ವಸದಸ್ಯರ ಸಭೆ. ಗುತ್ತಿಗೆದಾರರಿಗಷ್ಟೇ ಮೀಸಲಾದ ಸಂಘಕ್ಕೆ ಸ್ವಂತ ದುಡಿಮೆಯ ಎಲ್ಲರನ್ನೂ ಸೇರಿಸಿಕೊಳ್ಳಬೇಕೇ ಎಂಬುದು ಅಲ್ಲಿ ತೀರ್ಮಾನವಾಗಬೇಕು. ಜೊತೆಗೆ, ಸದಸ್ಯನಲ್ಲದ ಒಬ್ಬನ ಬಿಲ್ಲೆಯನ್ನು ಸದಸ್ಯರ ಹಲಗೆಗೆ ನೇತುಹಾಕಿದ ಅಟೆಂಡರನ್ನು ಏನು ಮಾಡಬೇಕು ಎಂಬುದೂ. "ತಪ್ಪಾಯ್ತು ಅಂತ ಒಂದು ಸಾಲು ಬರೆದುಕೊಡು, ಇಲ್ಲಿಗೇ ಮುಗಿಸೋಣ" ಎಂದು ಅಧ್ಯಕ್ಷರು ಹೇಳಿ ಮೂರು ವಾರವಾಯಿತು. ಅಕ್ಕ ಜಪ್ಪಯ್ಯ ಅಂದರೂ ಬರೆದಿಲ್ಲ.

ಈ ಹಲಗೆ ಹುಟ್ಟಿದ್ದೇ ಒಂದು ಸಾವಿನಿಂದ. ಈಗಿನ ಅಧ್ಯಕ್ಷರ ಅಣ್ಣನೂ ಗುತ್ತಿಗೆದಾರರು. ಅಕ್ಕ ಆಗ ಅವರ ಕೈಕೆಳಗೆ ಇಟ್ಟಿಗೆ ಹೊರುತ್ತಿದ್ದರು. ಕೆಲಸಗಾರರಿಗೆಲ್ಲ ಎರಡು ದಿನ ರಜೆ ಕೊಟ್ಟು, ಅಳತೆ ನೋಡಿ ಬರುತ್ತೇನೆಂದು ಅವರೊಬ್ಬರೇ ಕಟ್ಟಡಕ್ಕೆ ಹೋದರು. ಕಟಾಂಜನವಿಲ್ಲದ ಮೆಟ್ಟಿಲಿಂದ ಬಿದ್ದರು. ಮೂರನೇ ದಿನ ಬೆಳಗ್ಗೆ ಬುಟ್ಟಿ ಹಿಡಿದು ಕೆಲಸಕ್ಕೆ ಬಂದ ಅಕ್ಕನೇ ಅವರನ್ನು ಮೊದಲು ಕಂಡದ್ದು. "ಬಿದ್ದ ಕೂಡ್ಲೆ ಹೋಗಿರ್ಲಿಲ್ಲ ಅಂದ್ರು ಡಾಕ್ಟ್ರು. ಒಂದಿಡೀ ದಿನ ಜೀವ ಇತ್ತಂತೆ. ನಾನು ಆವತ್ತು ರಜೆ ಸಿಕ್ತು ಅಂತ ಮನೇಲಿ ಹಾಡು ಹೇಳ್ಕೊಂಡು ಬಟ್ಟೆ ಒಗೀತಿದ್ದೆ." ಇದನ್ನು ಹೇಳುವಾಗ ಅಕ್ಕ ಬಿಲ್ಲೆಗಳನ್ನು ಒರೆಸುವುದನ್ನು ನಿಲ್ಲಿಸುವುದಿಲ್ಲ. ಅದಾದ ಮೇಲೆ ಸಂಘ ಈ ಹಲಗೆ ಮಾಡಿಸಿ, ಕಾಯಲು ಅವರನ್ನೇ ನೇಮಿಸಿತು.

ಏಳು ಗಂಟೆಯ ಹೊತ್ತಿಗೆ ಕಚೇರಿ ಗಿಜಿಗುಟ್ಟುತ್ತದೆ. ದಿನಕ್ಕೆ ಮೂವತ್ತು ಬಿಲ್ಲೆಯಾದರೂ ಕೆಂಪಾಗುತ್ತವೆ. ಮರೆತವರಿಗೆ ಹತ್ತು ಹನ್ನೆರಡು ಫೋನು ಹೋಗುತ್ತವೆ. ನಿಜವಾಗಿಯೂ ಹುಡುಕಲು ಹೊರಡಬೇಕಾಗುವುದು ವರ್ಷಕ್ಕೆ ನಾಲ್ಕೈದು ಸಲ. ಅದರಲ್ಲೂ ಒಮ್ಮೆ ಪೇಂಟಿಂಗ್ ಗುತ್ತಿಗೆದಾರರೊಬ್ಬರನ್ನು ಊರೆಲ್ಲ ಜಾಲಾಡಿದರೆ ಆಸಾಮಿ ಸಿನಿಮಾ ಟಾಕೀಸಿನಲ್ಲಿ ಗೊರಕೆ ಹೊಡೆಯುತ್ತಿದ್ದರು. "ಹೆಂಡ್ತಿಗೆ ಹೇಳಿದ ಸುಳ್ಳನ್ನೇ ಸ್ಲೇಟಿಗೂ ಬರೆದಿದ್ರು. ಹಗ್ಗ ತಂದಿದ್ವಲ್ಲ, ಕಟ್ಟಿ ಎಳ್ಕೊಂಡು ಬರಬೇಕಿತ್ತು" ಎಂದು ಅಕ್ಕ ನಗುತ್ತಾರೆ.

ಸಂಜೆ ಆರಕ್ಕೆ ಕೊನೆಯ ಬಿಲ್ಲೆ ಬಿಳಿಯಾಗದೆ ಅವರು ಮನೆಗೆ ಹೋಗುವಂತಿಲ್ಲ. ಮಗಳ ಮದುವೆಯ ದಿನವೂ ಮಂಟಪದಿಂದ ಇಲ್ಲಿಗೆ ಓಡಿಬಂದಿದ್ದರು. "ಮದ್ವೆ ಫೋಟೋದಲ್ಲಿ ಬೀಗರು ಇದಾರೆ, ಬೀಗರ ಡ್ರೈವರ್ ಇದಾನೆ, ನಾನೇ ಇಲ್ಲ. ಮಗಳು ಇವತ್ತಿಗೂ ಆಡಿಕೊಳ್ತಾಳೆ."

ಇನ್ನು ಇಪ್ಪತ್ತೇಳನೇ ಮೊಳೆಯ ವಿಷಯ.

ಮನೆಗಳ ನೀರಿನ ಟ್ಯಾಂಕು, ಸಂಪು ತೊಳೆಯುವ ಒಬ್ಬಾತನಿದ್ದಾನೆ. ಎಲ್ಲರೂ ಅವನನ್ನು ಟ್ಯಾಂಕಿನಣ್ಣ ಎನ್ನುತ್ತಾರೆ. ಏಣಿ, ಬಕೆಟ್ಟು, ಬ್ರಷ್ಷು ಮತ್ತು ತಾನು, ಇಷ್ಟೇ ಅವನ ಬಳಗ. ಕಳೆದ ವರ್ಷ ಅವನ ಹೆಂಡತಿ ಸಂಘದ ಅರ್ಜಿ ತುಂಬಿಸಿ ತಂದಳು. ಅರ್ಜಿಯಲ್ಲೊಂದು ಪ್ರಶ್ನೆ: ನಿಮ್ಮ ಕೈಕೆಳಗೆ ಎಷ್ಟು ಜನ ಕೆಲಸ ಮಾಡುತ್ತಾರೆ? ಕನಿಷ್ಠ ಐವರು ಇರಬೇಕು. ಅವಳು ಆ ಜಾಗವನ್ನು ಖಾಲಿ ಬಿಟ್ಟಿದ್ದಳು. ಅರ್ಜಿ ವಾಪಸಾಯಿತು. ಅವಳು ಮೆಟ್ಟಿಲ ಮೇಲೆ ಕುಳಿತು ಅತ್ತಳಂತೆ. "ಅಕ್ಕಾ, ಇವರು ಬರೋದು ತಡ ಆದ್ರೆ ನಾನು ಯಾವ ಮನೆ ಸಂಪಲ್ಲಿ ಅಂತ ಹುಡುಕ್ಲಿ?"

ಫೋನು ಇದೆಯಲ್ಲ ಎಂದು ನಾನು ಜಾಣತನ ತೋರಿಸುತ್ತೇನೆ. ಅಕ್ಕ ಅಯ್ಯೋ ಎನ್ನುವಂತೆ ನನ್ನನ್ನು ನೋಡುತ್ತಾರೆ. "ಸಂಪಿಗೆ ಇಳಿಯೋನು ಫೋನು ತಗೊಂಡು ಇಳೀತಾನಾ? ಅದು ಮೇಲೆ ಅಂಗಿ ಜೇಬಲ್ಲಿರುತ್ತೆ. ಫೋನು ಬಡ್ಕೊಳ್ಳುತ್ತೆ. ಅಂಗಿ ಎತ್ತಲ್ಲ."

ಇಪ್ಪತ್ತೇಳನೇ ಮೊಳೆಯ ಸದಸ್ಯರು ಗುತ್ತಿಗೆ ಕೆಲಸ ಬಿಟ್ಟು ಬೇರೆ ಊರಿಗೆ ಹೋಗಿದ್ದರು. ಮೊಳೆ ಖಾಲಿ ಇತ್ತು. ಮಾರನೆಯ ದಿನವೇ ಅಕ್ಕ ಹಳೆಯದೊಂದು ಬಿಲ್ಲೆಯನ್ನು ಉಜ್ಜಿ, ಬಣ್ಣ ಬಳಿದು ಅಲ್ಲಿಗೆ ಸಿಕ್ಕಿಸಿದರು. ಯಾರನ್ನೂ ಕೇಳಲಿಲ್ಲ. ಏಳು ತಿಂಗಳು ಅದು ಕೆಂಪಾಯಿತು, ಬಿಳಿಯಾಯಿತು. ಯಾರ ಕಣ್ಣಿಗೂ ಬೀಳಲಿಲ್ಲ.

ನಾಲ್ಕು ತಿಂಗಳ ಹಿಂದಿನ ಒಂದು ದಿನ ಟ್ಯಾಂಕಿನಣ್ಣ ಸ್ಲೇಟಿನಲ್ಲಿ ಹೊಸ ಮನೆಯೊಂದರ ವಿಳಾಸ ಬರೆದು, ಹನ್ನೆರಡಕ್ಕೆ ಮುಗಿಯುತ್ತದೆ ಎಂದಿದ್ದ. ಒಂದು ಗಂಟೆಯಾದರೂ ಬಿಲ್ಲೆ ಕೆಂಪು. ಅಕ್ಕ ಆರು ಸಲ ಫೋನು ಮಾಡಿದರು. ಆ ವಾರದ ಪಾಳಿಯಲ್ಲಿದ್ದವರು ಒಬ್ಬ ಟೈಲ್ಸ್ ಗುತ್ತಿಗೆದಾರರು, ಇನ್ನೊಬ್ಬರು ಸ್ವತಃ ಅಧ್ಯಕ್ಷರು. "ಇಪ್ಪತ್ತೇಳು ಖಾಲಿ ಅಲ್ವೇನಮ್ಮಾ?" ಎಂದು ಅಧ್ಯಕ್ಷರು ಕೇಳಿದ್ದಕ್ಕೆ ಅಕ್ಕ ಹೇಳಿದ್ದು ಇಷ್ಟೇ: "ಖಾಲಿ ಇಲ್ಲ ಸಾರ್. ಮೊದ್ಲು ಹೊರಡಿ, ಬಂದ್ಮೇಲೆ ಬೈಯಿರಿ."

ಏಣಿ ಮುರಿದಿತ್ತು. ಕಾಲೂ ಮುರಿದಿತ್ತು. ಇನ್ನೂ ಯಾರೂ ವಾಸಕ್ಕೆ ಬಾರದ ಮನೆ. ಕೂಗಿ ಕೂಗಿ ಅವನ ಗಂಟಲು ಬಿದ್ದುಹೋಗಿತ್ತು. ಒಂದೂವರೆಗೆ ಆ ಬೀದಿಗೆ ನೀರು ಬಿಟ್ಟಿದ್ದರು. ಇವರು ಹೋಗಿ ಮುಚ್ಚಳದೊಳಗೆ ಟಾರ್ಚು ಬಿಟ್ಟಾಗ ಕುಳಿತಲ್ಲೇ ಕುಳಿತಿದ್ದವನ ಎದೆಯವರೆಗೆ ನೀರು ಬಂದಿತ್ತು. ಅರುವತ್ತು ದಾಟಿದ ಅಧ್ಯಕ್ಷರೇ ಹಗ್ಗ ಕಟ್ಟಿಕೊಂಡು ಇಳಿದರು.

ಇಂಥ ಮನುಷ್ಯರೇ ಸಂಘ ವಿಸ್ತರಿಸುವುದು ಬೇಡ ಎನ್ನುತ್ತಿದ್ದಾರೆಂದು ತಿಳಿದಾಗ ನನಗೆ ಸಿಟ್ಟೇ ಬಂತು. ಸಭೆಗೆ ಎರಡು ದಿನ ಮೊದಲು ಅವರ ಮನೆಗೇ ಹೋಗಿ ಕೇಳುತ್ತೇನೆ. ಅವರು ದನಿ ಎತ್ತುವುದಿಲ್ಲ. "ಇಳಿದಿದ್ದಕ್ಕೆ ನನಗೆ ಬೇಜಾರಿಲ್ಲ. ನಾಳೆ ಮತ್ತೆ ಕರೆದ್ರೂ ಇಳೀತೀನಿ. ಆದ್ರೆ ನಲವತ್ತು ಬಿಲ್ಲೆ ಅಂದ್ರೆ ನಲವತ್ತು ಮುಖ ಗೊತ್ತು ನಮ್ಗೆ. ಟೈಲರು, ಕಟಿಂಗ್‌ನೋರು, ಫ್ರಿಜ್ ರಿಪೇರಿಯೋರು ಎಲ್ಲಾ ಬಂದು ನಾನ್ನೂರಾದ್ರೆ ಯಾರು ಎಣಿಸ್ತಾರೆ, ಯಾರು ಹುಡುಕ್ತಾರೆ? ಯಾರೋ ನೋಡ್ತಿದಾರೆ ಅಂತ ನಂಬಿ ಒಬ್ಬ ಇಳಿದಿರ್ತಾನೆ, ಇಲ್ಲಿ ಯಾರೂ ನೋಡಿರೋದೇ ಇಲ್ಲ. ಅದಕ್ಕಿಂತ ಹಲಗೆ ಇಲ್ಲದೇ ಇರೋದೇ ವಾಸಿ." ಕೊನೆಗೆ, "ಅದು ನಮ್ಮಣ್ಣನ ಹಲಗೆ" ಎನ್ನುತ್ತಾರೆ. ಸಿಟ್ಟು ಮಾಡಿಕೊಂಡು ಹೋದವನು ಅವರ ಮಾತನ್ನೂ ಬರೆದುಕೊಂಡು ಬರುತ್ತೇನೆ.

ಭಾನುವಾರ. ಅದೇ ಕೋಣೆಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳು, ಮೂವತ್ತೈದು ಸದಸ್ಯರು. ಅಕ್ಕ ಟೀ ಹಂಚುತ್ತಿದ್ದಾರೆ. ಮಾತಿನ ಮೇಲೆ ಮಾತು. ಎಲ್ಲರನ್ನೂ ಸೇರಿಸಿಕೊಂಡರೆ ಸಂಘ ಸಂತೆಯಾಗುತ್ತದೆ ಎಂದು ಒಬ್ಬರು ಮೂಗು ಮುರಿದರೆ, "ಈಗೇನು ಮೌನ ಪಾಲಿಸ್ತಿದೀವಾ?" ಎಂದು ಇನ್ನೊಬ್ಬರು. ಕೊನೆಗೆ ಅಧ್ಯಕ್ಷರು ಅಕ್ಕನತ್ತ ತಿರುಗುತ್ತಾರೆ. "ಪತ್ರ ತಂದಿದೀಯೇನಮ್ಮಾ?"

ಅಕ್ಕ ಟ್ರೇ ಕೆಳಗಿಟ್ಟು, ನಾಲ್ಕಾಗಿ ಮಡಚಿದ ಹಾಳೆ ಕೊಡುತ್ತಾರೆ. ಅಧ್ಯಕ್ಷರು ಗಟ್ಟಿಯಾಗಿ ಓದುತ್ತಾರೆ. "ಇಪ್ಪತ್ತೇಳನೇ ಮೊಳೆಗೆ ಬಿಲ್ಲೆ ಹಾಕಿದವಳು ನಾನೇ. ತಿಳಿದೇ ಹಾಕಿದೆ. ತಪ್ಪಾಯಿತು ಎಂದು ಬರೆಯಲಾರೆ. ಅದು ತಪ್ಪಾದರೆ ಅವನನ್ನು ಎತ್ತಿ ತಂದಿದ್ದೂ ತಪ್ಪಾಗುತ್ತದೆ."

ಅಕ್ಕ ಒಂದು ಮಾತಾಡಲೇ ಎಂದು ಕೇಳಿ, ಯಾರಾದರೂ ಹೂಂ ಅನ್ನುವ ಮೊದಲೇ ಶುರುಮಾಡುತ್ತಾರೆ. "ಸಾರ್, ನಿಮ್ಮಣ್ಣ ಆವತ್ತು ಜೀವ ಕಳ್ಕೊಂಡಿದ್ದು ಗುತ್ತಿಗೆದಾರ್ರು ಅಂತ ಅಲ್ಲ. ಒಬ್ರೇ ಇದ್ರು ಅಂತ. ನಾವು ಹನ್ನೊಂದು ಜನ ಇದ್ವಿ ಅವರ ಕೈಕೆಳಗೆ. ಆವತ್ತು ಒಬ್ರೂ ಇರ್ಲಿಲ್ಲ. ಈ ಹಲಗೆ ಮಾಡಿದ್ದು ಒಬ್ರೇ ಇರೋರಿಗೆ ಅಂತ. ನಿಮಗೆಲ್ಲ ಜನ ಇದಾರೆ. ಟ್ಯಾಂಕಿನಣ್ಣನಂಥೋರಿಗೆ ಇಲ್ಲ."

"ನಮ್ಮಣ್ಣನ ವಿಷ್ಯ ಎತ್ತಬಾರ್ದಿತ್ತು ನೀನು."

"ಎತ್ತದೆ ಹೇಗಿರ್ಲಿ ಸಾರ್? ಅವರನ್ನ ಮೊದ್ಲು ನೋಡಿದ್ದು ನಾನು."

ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ. ಆಮೇಲೆ, ಯಾರು ಹುಡುಕುತ್ತಾರೆ ಎಂಬ ಪ್ರಶ್ನೆಗೆ ಉತ್ತರ ಇದೆಯೇ ಎಂದು ಕೇಳುತ್ತಾರೆ. ಅಕ್ಕನ ಹತ್ತಿರ ಉತ್ತರ ಸಿದ್ಧವಿದೆ. ಬಿಲ್ಲೆ ಹಾಕಿದ ಪ್ರತಿಯೊಬ್ಬರೂ ಪಾಳಿಗೆ ಬರಬೇಕು. ನಲವತ್ತಕ್ಕೊಂದು ಹಲಗೆ, ಒಂದೊಂದು ಹಲಗೆ ಕಾಯಲು ಒಬ್ಬರು. ಕಾಯುವವರಿಲ್ಲದೆ ಹೊಸ ಹಲಗೆ ಹೊಡೆಯುವಂತಿಲ್ಲ. ಎರಡನೇ ಹಲಗೆ ಕಾಯಲು ಟ್ಯಾಂಕಿನಣ್ಣನ ಹೆಂಡತಿ ಆಗಲೇ ಒಪ್ಪಿದ್ದಾಳೆ.

ಕೈ ಎತ್ತಿಸುತ್ತಾರೆ. ಬೇಕು ಎನ್ನುವವರು ಇಪ್ಪತ್ತೊಂದು, ಬೇಡ ಎನ್ನುವವರು ಹದಿಮೂರು. ಅಧ್ಯಕ್ಷರು ಯಾವ ಕಡೆಗೂ ಕೈ ಎತ್ತುವುದಿಲ್ಲ. ಅಕ್ಕನ ವಿಷಯ ಏನಾಯಿತು ಎಂದು ಕಾರ್ಯದರ್ಶಿ ಕೇಳಿದಾಗ ಮಾತ್ರ ಬಾಯಿ ಬಿಡುತ್ತಾರೆ. "ಆ ಸಂಪಿಗೆ ಇಳಿದೋನು ನಾನು. ಇವಳಿಗೆ ಶಿಕ್ಷೆ ಕೊಡೋಕೆ ನನಗೆ ಮುಖ ಇಲ್ಲ. ಆ ಪತ್ರ ಫೈಲಿಗೆ ಹಾಕಿ. ಹರೀಬೇಡಿ."

ಸೋಮವಾರ ಬೆಳಗಿನ ಐದೂವರೆ. ಶಟರ್ ಇವತ್ತೂ ಅರ್ಧಕ್ಕೇ ಸಿಕ್ಕಿಕೊಂಡಿದೆ. ಸಂಘದ ನಿರ್ಣಯ ಅದಕ್ಕೆ ತಲುಪಿಲ್ಲ. ನಿಮಗಿನ್ನು ಏನು ಬೇಕಕ್ಕಾ ಎಂದು ಕೇಳುತ್ತೇನೆ. ಅಕ್ಕ ಯೋಚಿಸುತ್ತಾರೆ. "ಮಗಳಿಗೆ ಈಗ ಏಳು ತಿಂಗಳು. ಮೊಮ್ಮಗು ಹುಟ್ಟಿದ ದಿನ ಸಂಜೆ ಆರಕ್ಕೆ ನಾನು ಆಸ್ಪತ್ರೇಲಿ ಇರಬೇಕು. ಫೋಟೋದಲ್ಲಿ ಬರಬೇಕು. ಅಷ್ಟೇ."

ಅಷ್ಟರಲ್ಲಿ ಊರುಗೋಲಿನ ಸದ್ದು. ಟ್ಯಾಂಕಿನಣ್ಣ ಮತ್ತು ಅವನ ಹೆಂಡತಿ ಮೆಟ್ಟಿಲು ಹತ್ತಿ ಬರುತ್ತಾರೆ. ಹೊಸ ಅರ್ಜಿ ಇನ್ನೂ ಅಚ್ಚಾಗಿಲ್ಲ. ಅಕ್ಕ ಹಳೆಯದನ್ನೇ ಕೊಡುತ್ತಾರೆ. ಅವನು ಮೇಜಿನ ಮೇಲೆ ಬಾಗಿ ಒಂದೊಂದೇ ಅಕ್ಷರ ಬರೆಯುತ್ತಾನೆ. ಸದಸ್ಯ ಸಂಖ್ಯೆಯ ಜಾಗದಲ್ಲಿ ಇಪ್ಪತ್ತೇಳು ಎಂದು ಅಕ್ಕನೇ ಬರೆದಿದ್ದಾರೆ. ಕೈಕೆಳಗೆ ಎಷ್ಟು ಜನ ಎಂಬ ಸಾಲಿಗೆ ಬಂದಾಗ ಅವನ ಪೆನ್ನು ನಿಲ್ಲುತ್ತದೆ. ಹೆಂಡತಿಯ ಮುಖ ನೋಡುತ್ತಾನೆ, ಅವಳು ಅಕ್ಕನ ಮುಖ ನೋಡುತ್ತಾಳೆ.

"ಇಲ್ಲಿ ಏನಂತ ಬರೀಲಿ ಅಕ್ಕಾ?"

ಅಕ್ಕ ಬಿಲ್ಲೆ ಒರೆಸುತ್ತಲೇ ಹೇಳುತ್ತಾರೆ. "ಯಾರೂ ಇಲ್ಲ ಅಂತ ಬರಿ. ದಪ್ಪಗೆ ಬರಿ. ಅದಕ್ಕೇ ಅಲ್ವಾ ಸೇರ್ತಿರೋದು?"